ಬಟ್ಟೆ ಒಣಗಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ?

ಆಷಾಢದ ಜಡಿಮಳೆ ಹಿಡಿದರೆ ಹಾಸನ ಸೀಮೆಯ ಗೃಹಿಣಿಯರಿಗೆ ಬಟ್ಟೆ ಒಗೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ನಡುಮನೆಯಲ್ಲಿ ಹಗ್ಗ ಕಟ್ಟಿ ಹರಡಿದ ಪಂಚೆ ಮೂರು ದಿನವಾದರೂ ಹಸಿಯಾಗಿಯೇ ಇದ್ದು ಮುಗ್ಗುಲು ವಾಸನೆ ಹೊಡೆಯುತ್ತದೆ. ಬಾಣಂತಿಯಿರುವ ಮನೆಯಲ್ಲಂತೂ ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿದಿರು ಬುಟ್ಟಿಯನ್ನು ಕವುಚಿ, ಅದರ ಮೇಲೆ ಮಗುವಿನ ಬಟ್ಟೆಗಳನ್ನು ಹರಡುವ ಪದ್ಧತಿ ಬಹು ಹಳೆಯದು. ಈಚಿನ ವರ್ಷಗಳಲ್ಲಿ ಆ ಬುಟ್ಟಿಯ ಕೆಲಸವನ್ನು ಕೆಲವು ಮನೆಗಳಲ್ಲಿ ಡ್ರೈಯರ್ ಎಂಬ ವಿದ್ಯುದ್ಯಂತ್ರವು ವಹಿಸಿಕೊಂಡಿದೆ. ಬುಟ್ಟಿಯ ಪಕ್ಕದಲ್ಲಿ ಅಜ್ಜಿ ಕುಳಿತಿರುತ್ತಾಳೆ. ಬಟ್ಟೆಯನ್ನು ಆಗಾಗ ಮುಟ್ಟಿ ನೋಡಿ, ಕಾವು ಹೆಚ್ಚಾಯಿತೆಂದು ಕಂಡರೆ ಬೂದಿ ಮುಚ್ಚುತ್ತಾಳೆ. ಡ್ರೈಯರಿನ ಪಕ್ಕದಲ್ಲಿ ಯಾರೂ ಕುಳಿತಿರುವುದಿಲ್ಲ. ಹಾಗಾದರೆ ಅಜ್ಜಿಯ ಕೈ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಮಾಡುವುದು ಯಾವುದು? ಅದು ಕೆಟ್ಟರೆ ಆಗುವುದೇನು?

ಮೊದಲು ಒಣಗುವುದೆಂದರೇನೆಂಬುದನ್ನು ನೋಡೋಣ. ಐದು ಕಿಲೋಗ್ರಾಂ ಹತ್ತಿಬಟ್ಟೆಯನ್ನು ಒಗೆಯುವ ಯಂತ್ರದಲ್ಲಿ ಚೆನ್ನಾಗಿ ಹಿಂಡಿಸಿದ ಮೇಲೂ ಅದರಲ್ಲಿ ಸುಮಾರು ಮೂರು ಕಿಲೋಗ್ರಾಂ ನೀರು ಉಳಿದಿರುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಇದೇ ಗುಪ್ತೋಷ್ಣ. ಮೂರು ಕಿಲೋಗ್ರಾಮಿಗೆ 7,200 ಕಿಲೋಜೂಲ್, ಎಂದರೆ ಸರಿಯಾಗಿ ಎರಡು ಯೂನಿಟ್ ವಿದ್ಯುಚ್ಛಕ್ತಿ. ಬಟ್ಟೆಯನ್ನೂ ಯಂತ್ರವನ್ನೂ ಕಾಯಿಸುವುದರಲ್ಲಿ ಮತ್ತು ಹೊರಹೋಗುವ ಬಿಸಿಗಾಳಿಯಲ್ಲಿ ವ್ಯರ್ಥವಾಗುವುದು ಬೇರೆ. ಅಂಗಳದ ಬಿಸಿಲು ಇಷ್ಟನ್ನೂ ಪುಕ್ಕಟೆಯಾಗಿ ಕೊಡುತ್ತದೆಂಬುದನ್ನು ನೆನೆದರೆ, ಬಿಸಿಲಿರುವ ದಿನ ಡ್ರೈಯರನ್ನು ನಡೆಸುವುದು ನನ್ನ ಮಟ್ಟಿಗೆ ದುಂದುಗಾರಿಕೆಯೇ ಸರಿ.

ಶಾಖವೊಂದಿದ್ದರೆ ಸಾಲದು, ಆವಿಯನ್ನು ಹೊತ್ತೊಯ್ಯುವ ಗಾಳಿಯೂ ಬೇಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಮಳೆಗಾಲದಲ್ಲಿ ಆರ್ದ್ರತೆ ನೂರಕ್ಕೆ 90 ಇದ್ದರೆ ಅದರಲ್ಲಿ ಆಗಲೇ ಸುಮಾರು 21 ಗ್ರಾಂ ತುಂಬಿರುತ್ತದೆ. ಪಂಚೆಯ ನೀರಿಗೆ ಉಳಿಯುವ ಜಾಗ ಎರಡೇ ಗ್ರಾಂ. ಅದೇ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಸಾಮರ್ಥ್ಯ ಘನ ಮೀಟರಿಗೆ 130 ಗ್ರಾಮಿನಷ್ಟಾಗಿ, ಆರ್ದ್ರತೆ ನೂರಕ್ಕೆ 14ರ ಆಸುಪಾಸಿಗೆ ಇಳಿಯುತ್ತದೆ. ಡ್ರೈಯರಿನ ಗುಟ್ಟು ಇಷ್ಟೆ. ತಿರುಗುವ ಪೀಪಾಯಿಯಲ್ಲಿ ಬಟ್ಟೆ ಮೇಲಿನಿಂದ ಕೆಳಕ್ಕೆ ಉರುಳುತ್ತಿರುವಾಗ ಕಾದ ಗಾಳಿ ಅದರ ಮಡಿಕೆಗಳ ನಡುವೆ ಹಾಯ್ದು ನೀರನ್ನು ಕೊಂಡೊಯ್ಯುತ್ತದೆ.

ಇದು ನಮ್ಮ ಜಿಲ್ಲೆಗೆ ಹೊಸ ವಿದ್ಯೆಯೇನೂ ಅಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಮುತ್ತ ವರ್ಜೀನಿಯಾ ಹೊಗೆಸೊಪ್ಪನ್ನು ಮಳೆಗಾಲದಲ್ಲೇ ಕೊಯ್ದು, ಬ್ಯಾರನ್ನಿನೊಳಗೆ ಬಿಸಿಗಾಳಿಯಿಂದ ಹದಮಾಡುತ್ತಾರೆ. ಮೊದಲು 40 ಡಿಗ್ರಿಯೊಳಗಿನ ಮಂದವಾದ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಬಳಿಕ ಕಾವನ್ನು ಮೆಲ್ಲಮೆಲ್ಲನೆ ಏರಿಸುತ್ತ, ಕೊನೆಗೆ 70 ಡಿಗ್ರಿಯ ಹತ್ತಿರ ಎಲೆಯ ದಂಟು ಒಣಗಬೇಕು. ಹಲವು ದಿನ ಹಗಲಿರುಳೂ ನಡೆಯುವ ಕೆಲಸ. ಒಳಗಿನ ಉಷ್ಣಮಾಪಕ ಹತ್ತು ಡಿಗ್ರಿ ತಪ್ಪು ತೋರಿಸಿದರೆ ರೈತನ ವರ್ಷದ ದುಡಿಮೆ ಕಪ್ಪುಗಟ್ಟಿ ಹೋದೀತು. ಕಾವನ್ನು ಹುಟ್ಟಿಸುವುದಕ್ಕಿಂತ ಅದನ್ನು ಸರಿಯಾಗಿ ಅಳೆಯುವುದೇ ಕಠಿಣವೆಂಬುದನ್ನು ಆ ರೈತನಿಗೆ ಯಾವ ಭೌತವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ.

ಡ್ರೈಯರಿನಲ್ಲಿ ಈ ಅಳೆಯುವ ಕೆಲಸಕ್ಕೆ ಸಾಮಾನ್ಯವಾಗಿ ಎರಡು ಸಂವೇದಕಗಳಿರುತ್ತವೆ. ಒಂದು, ಪೀಪಾಯಿಯ ಬಾಯಿಯ ಬಳಿ ಅಕ್ಕಪಕ್ಕದಲ್ಲಿ ಕೂರಿಸಿದ ಎರಡು ಉಕ್ಕಿನ ಪಟ್ಟಿಗಳು. ಹಸಿಬಟ್ಟೆ ಉರುಳುತ್ತ ಎರಡನ್ನೂ ಒಟ್ಟಿಗೆ ಮುಟ್ಟಿದಾಗ ಅದರ ಮೂಲಕ ಅತ್ಯಲ್ಪ ವಿದ್ಯುತ್ಪ್ರವಾಹ ಹರಿಯುತ್ತದೆ. ಒಣಗಿದ ಹತ್ತಿಯ ರೋಧವು ಹಸಿಹತ್ತಿಯದಕ್ಕಿಂತ ಎಷ್ಟೋ ಸಾವಿರ ಪಟ್ಟು ಹೆಚ್ಚು. ಆದುದರಿಂದ ಪ್ರವಾಹ ನಿಂತಿತೆಂದರೆ ಬಟ್ಟೆ ಒಣಗಿತೆಂದು ಯಂತ್ರ ಬಗೆಯುತ್ತದೆ. ಇನ್ನೊಂದು, ಗಾಳಿಯ ಹಾದಿಯಲ್ಲಿ ಕುಳಿತ ಥರ್ಮಿಸ್ಟರ್. ಇದು ಮೆಣಸಿನಕಾಳಿಗಿಂತ ಸಣ್ಣದಾದ ಒಂದು ಮಣಿ. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡುಗಳನ್ನು ಪುಡಿಮಾಡಿ, ಒತ್ತಿ, ಸುಟ್ಟು ತಯಾರಿಸಿದ್ದು.

ತಾಮ್ರದ ತಂತಿಯನ್ನು ಕಾಯಿಸಿದರೆ ಅದರ ರೋಧ ಡಿಗ್ರಿಗೆ ನೂರಕ್ಕೆ 0.4ರಷ್ಟು ಹೆಚ್ಚುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಥರ್ಮಿಸ್ಟರಿನ ನಡತೆ ಇದಕ್ಕೆ ತೀರ ವಿರುದ್ಧ. 1833ರಲ್ಲಿ ಮೈಕೆಲ್ ಫ್ಯಾರಡೆಯು ಸಿಲ್ವರ್ ಸಲ್ಫೈಡನ್ನು ಕಾಯಿಸಿದಾಗ ಅದು ವಿದ್ಯುತ್ತನ್ನು ಹೆಚ್ಚು ಸುಲಭವಾಗಿ ಹರಿಯಗೊಡುವುದನ್ನು ಕಂಡು ಬೆರಗಾದನು. ಅರೆವಾಹಕಗಳ ಗುಣವೇ ಅದು. ಅವುಗಳಲ್ಲಿ ಬಹುಪಾಲು ಎಲೆಕ್ಟ್ರಾನುಗಳು ಪರಮಾಣುಗಳಿಗೆ ಕಟ್ಟುಬಿದ್ದಿರುತ್ತವೆ. ಉಷ್ಣತೆ ಏರಿದಂತೆ ಹೆಚ್ಚು ಹೆಚ್ಚು ಎಲೆಕ್ಟ್ರಾನುಗಳು ಕಟ್ಟು ಕಳಚಿಕೊಂಡು ಪ್ರವಾಹಕ್ಕೆ ಒದಗುತ್ತವೆ. ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಬಗೆಯ ಥರ್ಮಿಸ್ಟರಿನ ರೋಧ 25 ಡಿಗ್ರಿಯಲ್ಲಿ 10 ಕಿಲೋ ಓಮ್, 40 ಡಿಗ್ರಿಯಲ್ಲಿ 5.3, 60 ಡಿಗ್ರಿಯಲ್ಲಿ ಕೇವಲ 2.5. ಯಂತ್ರದ ಮಿದುಳಾದ ಬೋರ್ಡು ಈ ರೋಧವನ್ನು ಓದಿ ಉಷ್ಣತೆಯನ್ನು ಊಹಿಸುತ್ತದೆ. ಅದಕ್ಕೆ ಬೇರೆ ಕಣ್ಣಿಲ್ಲ.

ಈಗ ಹೊಳೆನರಸೀಪುರದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಹೇಳಬೇಕು. ಮಗಳು ಹೆರಿಗೆಗೆ ಬಂದಿದ್ದಳೆಂದು ಆ ಮನೆಯ ಯಜಮಾನರು ಡ್ರೈಯರೊಂದನ್ನು ತರಿಸಿದ್ದರು. ಎರಡು ವರ್ಷ ಕೆಲಸ ಮಾಡಿದ ಮೇಲೆ, ಎರಡನೆಯ ಬಾಣಂತನದ ಹೊತ್ತಿಗೆ ಸರಿಯಾಗಿ, ಅದು ಅತಿಯಾಗಿ ಕಾಯತೊಡಗಿತು. ಕೆಲವು ವಾರಗಳ ನಂತರ ಒಮ್ಮೆಗೇ ತಣ್ಣಗಾಗಿ, ಪೀಪಾಯಿ ತಿರುಗಿದರೂ ಕಾವು ಹುಟ್ಟದಾಯಿತು. ರಿಪೇರಿಗೆ ಬಂದವನೊಬ್ಬನು ಹಿಂಬದಿಯನ್ನು ಬಿಚ್ಚಿ ಏನೋ ಜೋಡಿಸಿದ. ಯಂತ್ರ ಮತ್ತೆ ಕಾಯಿತು. ಆದರೆ ಮೂರನೆಯ ದಿನ ಮಗುವಿನ ಬಿಳಿಯ ಬಟ್ಟೆ ಕಂದುಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂತು. ಅವನೇ ಮತ್ತೆ ಬಂದು, ಬೋರ್ಡು ಹೋಗಿದೆ, ಬದಲಿಸಬೇಕು ಎಂದ. ಅದರ ಬೆಲೆ ಹೊಸ ಯಂತ್ರದ ಬೆಲೆಯ ಅರ್ಧದಷ್ಟು.

“ಮೇಷ್ಟ್ರೇ, ಅರ್ಧ ದುಡ್ಡು ಹಾಕೋದೋ, ಗುಜರಿಗೆ ಹಾಕೋದೋ, ನೀವೇ ಒಂದು ಮಾತು ಹೇಳಿ” ಎಂದರು ಯಜಮಾನರು.

“ಎರಡೂ ಬೇಡಿ ರಾಯರೇ, ಮೊದಲು ಅಳೆದು ನೋಡೋಣ” ಎಂದೆ.

ಗೋಡೆಯಿಂದ ಪ್ಲಗ್ಗನ್ನು ಕಿತ್ತು, ಹಿಂಬದಿಯ ತಗಡನ್ನು ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಒಂದು ತುಂಡು ತಾಮ್ರದ ತಂತಿ. ಶಾಖೋತ್ಪಾದಕ ಸುರುಳಿಯ ಬಳಿ ಇರತಕ್ಕ ಉಷ್ಣಫ್ಯೂಸು ಕರಗಿಹೋಗಿತ್ತು. ಅದರ ಎರಡು ತುದಿಗಳನ್ನು ಆ ತಂತಿಯಿಂದ ಬೆಸೆದಿದ್ದರು. ಇದೆಂಥ ಅಪಾಯವೆಂಬುದನ್ನು ವಾಚಕರು ಗಮನಿಸಬೇಕು. ಥರ್ಮಿಸ್ಟರ್ ತಪ್ಪಿದರೂ ಅನಾಹುತವಾಗದಿರಲೆಂದು ಅಲ್ಲಿ ಇನ್ನೆರಡು ಕಾವಲುಗಳಿರುತ್ತವೆ. ಒಂದು, ಕಾವು ಮಿತಿಮೀರಿದಾಗ ಬಾಗಿ ಮಂಡಲವನ್ನು ಕಡಿಯುವ ದ್ವಿಲೋಹ ಸ್ವಿಚ್ಚು. ತಣ್ಣಗಾದ ಮೇಲೆ ಅದು ತಾನಾಗಿ ಕೂಡಿಕೊಳ್ಳುತ್ತದೆ. ಅದೂ ಸೋತರೆ ಉಷ್ಣಫ್ಯೂಸು ಒಂದೇ ಸಲಕ್ಕೆ ಕರಗಿ ಸಂಪರ್ಕವನ್ನು ಶಾಶ್ವತವಾಗಿ ಕಡಿಯುತ್ತದೆ. ಮಲ್ಟಿಮೀಟರ್ ಹಿಡಿದು, ದ್ವಿಲೋಹ ಸ್ವಿಚ್ಚನ್ನು ಕಳಚಿ ಅದರ ಮೇಲೆ ನಮೂದಿಸಿದ ಮಿತಿಯನ್ನು ಮೀರಿ ಕಾಯಿಸಿ ನೋಡಿದಾಗ ಅದು ತೆರೆಯಲೇ ಇಲ್ಲ. ದಿನವೂ ಹಲವು ಬಾರಿ ತೆರೆದು ಮುಚ್ಚಿ ಅದರ ತುದಿಗಳು ಅಂಟಿಕೊಂಡಿದ್ದವು. ಎಂದರೆ ಆ ಮೂರು ದಿನ, ಬಾಣಂತಿಯ ಕೋಣೆಯ ಪಕ್ಕದಲ್ಲಿ, ಯಾವ ಕಾವಲೂ ಇಲ್ಲದೆ ಯಂತ್ರ ಉರಿಯುತ್ತಿತ್ತು.

ಆದರೆ ಈ ಕಾವಲುಗಳಿಗೆ ಅಷ್ಟು ಕೆಲಸ ಬಿದ್ದದ್ದೇಕೆ? ಅಲ್ಲಿಯೇ ಭೌತವಿಜ್ಞಾನದ ಸ್ವಾರಸ್ಯವಿದೆ. ಬೋರ್ಡಿನ ತುದಿಯಲ್ಲಿ ಥರ್ಮಿಸ್ಟರಿನ ಎರಡು ತಂತಿಗಳ ನಡುವಣ ರೋಧವನ್ನು ಅಳೆದಾಗ 13 ಕಿಲೋ ಓಮ್ ಬಂದಿತು. ಕೋಣೆಯ ಉಷ್ಣತೆ 25 ಡಿಗ್ರಿ. ಯಂತ್ರದ ಕೈಪಿಡಿಯ ಪ್ರಕಾರ 10 ಇರಬೇಕು. ಈ ವ್ಯತ್ಯಾಸ ಅವಸರದಲ್ಲಿ ನೋಡುವವನಿಗೆ ದೊಡ್ಡದೆಂದು ತೋರುವುದಿಲ್ಲ. ಬೋರ್ಡು 25 ಡಿಗ್ರಿಯ ಬದಲು 19 ಎಂದು ತಿಳಿಯುತ್ತದೆ, ಅಷ್ಟೆ. ಮೊದಲ ರಿಪೇರಿಯಲ್ಲಿ ಇದನ್ನು ಅಳೆದಿದ್ದರೂ ‘ಸೆನ್ಸರ್ ಸರಿಯಾಗಿದೆ’ ಎಂದೇ ತೀರ್ಮಾನವಾಗಿರುತ್ತಿತ್ತೋ ಏನೋ.

ಥರ್ಮಿಸ್ಟರನ್ನು ಕಳಚಿ, ಅದರ ಮಣಿಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಡಿಗೆಮನೆಯಿಂದ ತರಿಸಿದ ಬಿಸಿನೀರಿನ ಪಾತ್ರೆಯಲ್ಲಿ ಉಷ್ಣಮಾಪಕದೊಂದಿಗೆ ಅದ್ದಿದೆವು. 60 ಡಿಗ್ರಿಯಲ್ಲಿ ಅದು ಚಾಚೂ ತಪ್ಪದೆ 2.5 ಕಿಲೋ ಓಮ್ ತೋರಿಸಿತು. 40 ಡಿಗ್ರಿಗೆ ಆರಿದಾಗ 5.3. ಸಂವೇದಕದಲ್ಲಿ ದೋಷವೇ ಇರಲಿಲ್ಲ! ಹೆಚ್ಚಿನ ಮೂರು ಕಿಲೋ ಓಮ್ ಎಲ್ಲಿಂದ ಬಂದಿತು? ತಂತಿಯ ಕೊನೆಯ ಹಿತ್ತಾಳೆಯ ಟರ್ಮಿನಲನ್ನು ಎಳೆದು ನೋಡಿದಾಗ ಅದು ಹಸಿರುಗಟ್ಟಿತ್ತು. ಬಚ್ಚಲಿನ ಪಕ್ಕದ ಆ ಕೋಣೆಯ ತೇವಕ್ಕೆ ಕಿಲುಬು ಹಿಡಿದು, ಲೋಹಕ್ಕೂ ಲೋಹಕ್ಕೂ ನಡುವೆ ಒಂದು ತೆಳುಪೊರೆ ಬೆಳೆದಿತ್ತು. ಬೆರಳಿನಿಂದ ಅಲುಗಿಸಿದರೆ ಮಲ್ಟಿಮೀಟರಿನ ಅಂಕಿಗಳು ಕುಣಿಯುತ್ತಿದ್ದವು.

ಈಗ ಲೆಕ್ಕ ಹಾಕಿರಿ. ಒಳಗಿನ ಗಾಳಿ ನಿಜವಾಗಿ 60 ಡಿಗ್ರಿಗೆ ಏರಿದಾಗ ಥರ್ಮಿಸ್ಟರಿನ ರೋಧ 2.5; ಕಿಲುಬಿನದು 3; ಒಟ್ಟು 5.5 ಕಿಲೋ ಓಮ್. ಬೋರ್ಡು ಇದನ್ನು 39 ಡಿಗ್ರಿಯೆಂದು ಓದುತ್ತದೆ. ತಣ್ಣಗಿದ್ದಾಗ ಆರೇ ಡಿಗ್ರಿಯಿದ್ದ ತಪ್ಪು ಕಾದಾಗ ಇಪ್ಪತ್ತೊಂದು ಡಿಗ್ರಿಯಾಯಿತು. ಇನ್ನೂ ವಿಚಿತ್ರವಾದ ಮಾತೊಂದಿದೆ. 60 ಡಿಗ್ರಿ ಆಯಿತೆಂದು ಬೋರ್ಡಿಗೆ ತೋರಬೇಕಾದರೆ ಒಟ್ಟು ರೋಧ 2.5ಕ್ಕೆ ಇಳಿಯಬೇಕಷ್ಟೆ? ಕಿಲುಬೊಂದೇ ಮೂರು ಕಿಲೋ ಓಮ್ ಇರುವಾಗ, ಒಳಗೆ ಬೆಂಕಿಯೇ ಹತ್ತಿದರೂ ಒಟ್ಟು ಮೊತ್ತ ಮೂರಕ್ಕಿಂತ ಕೆಳಗೆ ಬರಲಾರದು. ಯಂತ್ರಕ್ಕೆ ಎಂದೆಂದಿಗೂ ಚಳಿಯೇ! ಬಟ್ಟೆ ಹಸಿಯಾಗಿರುವಷ್ಟು ಹೊತ್ತು ಆವಿಯಾಗುವ ನೀರೇ ಕಾವನ್ನು ಹೀರಿ ಅನಾಹುತವನ್ನು ತಡೆಯುತ್ತಿತ್ತು. ನೀರು ಮುಗಿದೊಡನೆ ಉಷ್ಣತೆ ನಾಗಾಲೋಟದಿಂದ ಏರುತ್ತಿತ್ತು. ತಂತಿ ಪೂರ್ತಿ ಕಡಿದುಹೋಗಿದ್ದರೆ ಎಷ್ಟೋ ಮೇಲಾಗಿತ್ತು. ಆಗ ರೋಧ ಅನಂತವಾಗಿ, ಇದು ಅಸಂಭವವೆಂದು ಬೋರ್ಡು ತಿಳಿದು ಯಂತ್ರವನ್ನು ನಿಲ್ಲಿಸುತ್ತಿತ್ತು. ಅರ್ಧ ಸತ್ಯ ನುಡಿಯುವ ಸಾಕ್ಷಿ ಮೂಕಸಾಕ್ಷಿಗಿಂತ ಕೆಟ್ಟದ್ದು.

ರಿಪೇರಿಯ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ, ಹೊಸ ಟರ್ಮಿನಲನ್ನು ಇಕ್ಕಳದಿಂದ ಒತ್ತಿ ಬೆಸುಗೆ ಹಾಕಿದ್ದಾಯಿತು. ಖರ್ಚು ಹತ್ತು ರೂಪಾಯಿ. ತಾಮ್ರದ ತಂತಿಯನ್ನು ಕಿತ್ತೆಸೆದೆವು. ದ್ವಿಲೋಹ ಸ್ವಿಚ್ಚು ಮತ್ತು ಉಷ್ಣಫ್ಯೂಸುಗಳನ್ನು ಆ ಯಂತ್ರಕ್ಕೆ ನಮೂದಿಸಿದ ಅಳತೆಯವನ್ನೇ ಬೆಂಗಳೂರಿನಿಂದ ತರಿಸಬೇಕಾಗಿದ್ದುದರಿಂದ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅಜ್ಜಿಯ ಬಿದಿರು ಬುಟ್ಟಿ ಅಟ್ಟದಿಂದ ಇಳಿದುಬಂತು. ಬಳಿಕ ಗಾಳಿ ಹೊರಬೀಳುವ ಬಾಯಿಯಲ್ಲಿ ಉಷ್ಣಮಾಪಕವಿಟ್ಟು ಒಂದು ಗಂಟೆ ನೋಡಿದಾಗ ಅದು 58ರಿಂದ 62 ಡಿಗ್ರಿಗಳ ನಡುವೆಯೇ ಏರಿಳಿಯಿತು.

ಇಂಥ ಯಂತ್ರಗಳಿಂದ ಬೆಂಕಿ ಹತ್ತುವುದು ಬರಿಯ ಕಲ್ಪನೆಯಲ್ಲ. 2016ರ ಆಗಸ್ಟಿನಲ್ಲಿ ಲಂಡನ್ನಿನ ಷೆಪರ್ಡ್ಸ್ ಬುಷ್ ಎಂಬಲ್ಲಿ ಹದಿನೆಂಟು ಅಂತಸ್ತಿನ ವಸತಿ ಕಟ್ಟಡಕ್ಕೆ ಡ್ರೈಯರೊಂದರಿಂದ ಬೆಂಕಿ ತಗುಲಿತು. ಬಟ್ಟೆಯಿಂದ ಉದುರುವ ನಾರಿನ ಧೂಳು ಕಾದ ಸುರುಳಿಯ ಮೇಲೆ ಬೀಳುವ ದೋಷ ಆ ಬಗೆಯ ಯಂತ್ರಗಳಲ್ಲಿತ್ತು. ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಅವಧಿಗೆ ಮಾಡಿದ ಅಂದಾಜಿನಂತೆ ಆ ದೇಶದಲ್ಲಿ ವರ್ಷಕ್ಕೆ 2,900 ಮನೆಗಳಲ್ಲಿ ಡ್ರೈಯರಿನ ಬೆಂಕಿ ಕಾಣಿಸಿಕೊಂಡಿತ್ತು. ಯಂತ್ರವನ್ನು ಶುಚಿಗೊಳಿಸದಿರುವುದೇ ಅದಕ್ಕೆ ಮುಖ್ಯ ಕಾರಣ. ಆದುದರಿಂದ ಪ್ರತಿ ಸಲವೂ ಜಾಲರಿಯ ಧೂಳನ್ನು ತೆಗೆಯತಕ್ಕದ್ದು. ಉಕ್ಕಿನ ಪಟ್ಟಿಗಳ ಮೇಲೆ ಗಡಸುನೀರಿನ ಲವಣವೋ ಬಟ್ಟೆಯನ್ನು ಮೆದುವಾಗಿಸುವ ದ್ರವದ ಜಿಡ್ಡೋ ಕಟ್ಟಿಕೊಂಡರೆ, ಬಟ್ಟೆ ಹಸಿಯಾಗಿರುವಾಗಲೇ ಯಂತ್ರ ನಿಂತುಬಿಡುತ್ತದೆ. ಇದು ಅಪಾಯವಲ್ಲ, ಕಿರುಕುಳ. ವಿನಿಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಸಾಕು. ಒಳಗಿನ ತಂತಿಗಳನ್ನು ಮುಟ್ಟುವ ಕೆಲಸ ಮಾತ್ರ ಬಲ್ಲವರದು. 230 ವೋಲ್ಟ್ ಯಾರ ಮುಖವನ್ನೂ ನೋಡುವುದಿಲ್ಲ.

ಯಂತ್ರದ ಬಿಡಿಭಾಗಗಳೂ ಕೈಪಿಡಿಯೂ ಕೊಂಡವನಿಗೆ ದೊರೆಯಬೇಕೆಂಬ ವಾದ ಈಗ ಲೋಕದಲ್ಲೆಲ್ಲ ನಡೆದಿದೆ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ‘ರಿಪೇರಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ಕೈಪಿಡಿಯಲ್ಲಿ ‘25 ಡಿಗ್ರಿಗೆ 10 ಕಿಲೋ ಓಮ್’ ಎಂಬ ಒಂದು ಸಾಲು ಅಚ್ಚಾಗಿದ್ದುದರಿಂದಲೇ ಮೇಲಿನ ಯಂತ್ರ ಗುಜರಿ ಸೇರದೆ ಉಳಿಯಿತೆಂಬುದನ್ನು ನೆನೆದರೆ, ಈ ಹಕ್ಕು ಎಷ್ಟು ಸಣ್ಣ ಸಂಗತಿಗಳ ಮೇಲೆ ನಿಂತಿದೆಯೆಂಬುದು ತಿಳಿಯುತ್ತದೆ.

ಹಾಸನದಲ್ಲಿ 1982ರಿಂದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಆರೋಗ್ಯವನ್ನು ಅಲ್ಲಿನ ವಿಜ್ಞಾನಿಗಳು ಅಹರ್ನಿಶಿ ನೋಡಿಕೊಳ್ಳುತ್ತಾರೆ. ಉಪಗ್ರಹಗಳ ಒಡಲಿನ ಕಾವನ್ನು ತಿಳಿಸುವುದರಲ್ಲಿಯೂ ಥರ್ಮಿಸ್ಟರುಗಳದೇ ದೊಡ್ಡ ಪಾತ್ರ. ಅಲ್ಲಿ ಸಂಶಯ ಬಂದರೆ ಹಿಂಬದಿಯ ತಗಡನ್ನು ಬಿಚ್ಚಿ ನೋಡುವಂತಿಲ್ಲ. ಇತರ ಅಳತೆಗಳೊಡನೆ ತಾಳೆ ಹಾಕಿಯೇ ನಿರ್ಣಯಿಸಬೇಕು.

ಥರ್ಮಿಸ್ಟರೊಂದು ಬಿಡಿಭಾಗಗಳ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ವಿದ್ಯಾರ್ಥಿಗಳು ಅದನ್ನು ನೀರು ತಗುಲದಂತೆ ಸುತ್ತಿ ಬಿಸಿನೀರಿನಲ್ಲಿ ಅದ್ದಿ, ನೀರು ಆರುತ್ತ ಬಂದಂತೆ ಐದೈದು ಡಿಗ್ರಿಗೊಮ್ಮೆ ರೋಧವನ್ನು ಬರೆದುಕೊಳ್ಳಲಿ. ಉಷ್ಣತೆಗೆ 273 ಕೂಡಿಸಿ ಕೆಲ್ವಿನ್ನಿಗೆ ತಂದು, ಅದರ ವಿಲೋಮವನ್ನು ಅಡ್ಡ ಅಕ್ಷದಲ್ಲಿಯೂ ರೋಧದ ಸ್ವಾಭಾವಿಕ ಲಾಗರಿತಮ್ಮನ್ನು ನೆಟ್ಟನೆಯ ಅಕ್ಷದಲ್ಲಿಯೂ ಗುರುತಿಸಿದರೆ ಹೆಚ್ಚುಕಡಮೆ ಸರಳರೇಖೆ ದೊರೆಯುತ್ತದೆ. ಅದರ ಇಳಿಜಾರು 4,000ದ ಹತ್ತಿರ ಬರಬೇಕು. ಅನಂತರ ಮೂರು ಕಿಲೋ ಓಮಿನ ರೋಧಕವೊಂದನ್ನು ಸರಣಿಯಲ್ಲಿ ಜೋಡಿಸಿ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಬಿಸಿಯ ತುದಿಯಲ್ಲಿ ರೇಖೆ ಹೇಗೆ ಬಾಗುತ್ತದೆಂಬುದನ್ನು ನೋಡಲಿ.