ಒಂದೇ ಜೀವಕೋಶದ ಸಂತತಿ

“ಗರ್ಭಕೋಶದ ಗಡ್ಡೆ ಕರಗಿಸುವ ಪುಡಿ ಇದೆಯಂತೆ, ಮೂರು ತಿಂಗಳು ತೆಗೆದುಕೊಂಡರೆ ಗರ್ಭ ನಿಲ್ಲುತ್ತದಂತೆ, ನಿಜವೇ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ಪುಡಿಗಿಂತ ಮೊದಲು ಗಡ್ಡೆಯ ಹುಟ್ಟನ್ನು ಹೇಳಿಬಿಡುತ್ತೇನೆ. ಇಷ್ಟು ಸೊಗಸಾದ ಪತ್ತೇದಾರಿಕೆಯನ್ನು ನಾನು ಓದಿದ್ದು ಕಡಿಮೆ. ಹೆಣ್ಣಿನ ಜೀವಕೋಶಗಳಲ್ಲಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಭ್ರೂಣವಾಗಿದ್ದಾಗಲೇ ಪ್ರತಿ ಕೋಶವೂ ಒಂದನ್ನು ಇಟ್ಟುಕೊಂಡು ಇನ್ನೊಂದರ ಬಾಯಿ ಮುಚ್ಚಿಸುತ್ತದೆ. ಯಾವುದನ್ನು ಎಂಬುದಕ್ಕೆ ನಿಯಮವಿಲ್ಲ, ಆದರೆ ಆ ಕೋಶದ ಸಂತತಿಯೆಲ್ಲ ಅದೇ ಆಯ್ಕೆಯನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಗರ್ಭಕೋಶದ ಸ್ನಾಯುವಿನಲ್ಲಿ ಎರಡೂ ಬಗೆಯ ಕೋಶಗಳು ಬೆರೆತಿರುತ್ತವೆ. 1965ರಲ್ಲಿ ಅಮೆರಿಕದ ಲಿಂಡರ್ ಮತ್ತು ಗಾರ್ಟ್ಲರ್, ಎಕ್ಸ್ ವರ್ಣತಂತುವಿನಿಂದ ಬರುವ ಜಿ6ಪಿಡಿ ಎಂಬ ಕಿಣ್ವದ ಎರಡು ರೂಪಗಳನ್ನು ಗುರುತಾಗಿಟ್ಟುಕೊಂಡು ಗಡ್ಡೆಗಳನ್ನು ಪರೀಕ್ಷಿಸಿದರು. ಸುತ್ತಲ ಸ್ನಾಯುವಿನಲ್ಲಿ ಎರಡೂ ಸಿಕ್ಕವು. ಗಡ್ಡೆಯಲ್ಲಿ ಒಂದೇ! ಅದೇ ಗರ್ಭಕೋಶದ ಪಕ್ಕದ ಗಡ್ಡೆಯಲ್ಲಿ ಇನ್ನೊಂದು ಸಿಗಬಹುದು. ಅಂದರೆ ಹತ್ತು ಸೆಂಟಿಮೀಟರ್ ಬೆಳೆದ ಗಡ್ಡೆಯೂ ಒಂದೇ ಒಂದು ಕೋಶದ ಸಂತತಿ. 2011ರಲ್ಲಿ ಹೆಲ್ಸಿಂಕಿಯ ತಂಡ ಸುಮಾರು ಶೇ. 70ರಷ್ಟು ಗಡ್ಡೆಗಳಲ್ಲಿ ಮೆಡ್12 ಎಂಬ ಒಂದೇ ಜೀನ್ ಕೆಟ್ಟಿರುವುದನ್ನು ಕಂಡುಹಿಡಿಯಿತು. ಉಷ್ಣ, ದೃಷ್ಟಿ, ನಾಗದೋಷ ಎಂದು ಸೊಸೆಯನ್ನು ಹಂಗಿಸುವವರು ಇದನ್ನು ಎರಡು ಸಲ ಓದಬೇಕು.

ಇನ್ನು ಪುಡಿ. ಗಡ್ಡೆ ಗಟ್ಟಿಯಾಗಿರುವುದು ಕೊಲ್ಲಾಜೆನ್ ಎಳೆಗಳಿಂದ. ತೆಂಗಿನ ನಾರಿನ ಹುರಿಯಂತೆ ಬಿಗಿದುಕೊಂಡಿರುವ ಅವು ಕಷಾಯಕ್ಕೆ ಕರಗುವಂಥವಲ್ಲ. ಇಜಿಸಿಜಿ ಎಂಬ ಅಂಶವಿರುವ ಹಸಿರು ಚಹಾದ ಸಾರವನ್ನು ದಿನಕ್ಕೆ 800 ಮಿಲಿಗ್ರಾಂನಂತೆ ನಾಲ್ಕು ತಿಂಗಳು ಕೊಟ್ಟ 2013ರ ಪುಟ್ಟ ಪ್ರಯೋಗದಲ್ಲಿ ಗಡ್ಡೆಗಳು ಮೂರನೇ ಒಂದರಷ್ಟು ಕುಗ್ಗಿದ್ದು ನಿಜ, ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ದೇಹಕ್ಕೆ ಸೇರಿಸುವ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟು ಬೀಳಬಹುದೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಇಂಥ ಪುಡಿಗಳಿಗೆ ಬಳಸುವ ಅಶೋಕದ ತೊಗಟೆಯೆಂದು ಮಾರುವುದರಲ್ಲಿ ಬೀದಿಬದಿಯ ನೀಳ ಮರದ ತೊಗಟೆಯೂ ಬೆರೆಯುತ್ತದೆ. ಆ ಮರ ಅಶೋಕವೇ ಅಲ್ಲ. ಮುಟ್ಟು ನಿಂತ ಮೇಲೆ ಗಡ್ಡೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ಆಗ ತೆಗೆದುಕೊಳ್ಳುತ್ತಿದ್ದ ಪುಡಿಗೆ ಹೆಸರು ಬರುತ್ತದೆ.

ಗರ್ಭ ನಿಲ್ಲುವ ವಿಷಯದಲ್ಲಿ ಗಾತ್ರಕ್ಕಿಂತ ಜಾಗ ಮುಖ್ಯ. ಒಳಪೊರೆಯತ್ತ ಉಬ್ಬಿದ ಚಿಕ್ಕ ಗಡ್ಡೆ ಅಡ್ಡಿಯಾಗಬಲ್ಲದು. ಹೊರಮೈಯದು ದೊಡ್ಡದಿದ್ದರೂ ಸಾಮಾನ್ಯವಾಗಿ ಅಡ್ಡಿಯಾಗದು. ಸ್ಕ್ಯಾನ್ ವರದಿ ಕೈಗೆ ಬಂದಾಗ “ಎಷ್ಟು ದೊಡ್ಡದು?” ಎಂದಷ್ಟೇ ಅಲ್ಲ, “ಎಲ್ಲಿದೆ?” ಎಂದೂ ವೈದ್ಯರನ್ನು ಕೇಳಿ. ಯಾವ ಪುಡಿ ತಿನ್ನುತ್ತಿದ್ದೀರೆಂದು ಅವರಿಗೆ ಮುಚ್ಚಿಡದೆ ಹೇಳಿ.