ಟ್ರ್ಯಾಕ್ಟರ್ ಸೀಟು ಮತ್ತು ಚಾಲಕನ ಬೆನ್ನು



ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವ ಹೊತ್ತಿಗೆ ದೇವಾಲಯದ ಹಿಂಬದಿಯಲ್ಲಿ ಗೋಡೆಗೆ ಒರಗಿ ನಿಂತೇ ಇರುವ ಕೆಲವು ಗಂಡಸರನ್ನು ನಾವು ಬಹಳ ದಿನಗಳಿಂದ ಗಮನಿಸುತ್ತಿದ್ದೆವು. ವಯಸ್ಸಾದವರಾದರೆ ಸರಿ. ಇವರಲ್ಲಿ ಮೂವತ್ತೈದು, ನಲವತ್ತು ವಯಸ್ಸಿನವರೂ ಇದ್ದಾರೆ. ಭಕ್ತಿ ಸಾಲದೆಂದು ಮನಸ್ಸಿನಲ್ಲೇ ತಪ್ಪು ತಿಳಿದಿದ್ದೆವು. ಕರೆದು ವಿಚಾರಿಸಿದಾಗ, "ಸೊಂಟ ಬಗ್ಗೋದಿಲ್ಲ ಸಾಮಿ, ಕೂತರೆ ಏಳೋಕಾಗಲ್ಲ" ಎಂದರು. ಹೀಗೆಂದವರಲ್ಲಿ ಹೆಚ್ಚಿನವರು ಟ್ರ್ಯಾಕ್ಟರ್ ಓಡಿಸುವವರು. ಹಗಲು ಉಳುಮೆ, ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ರಾತ್ರಿ ಸಾಗಣೆ. ಆದ್ದರಿಂದ ಈ ಸಲ ಟ್ರ್ಯಾಕ್ಟರಿನ ಕುಲುಕಾಟದ ಬಗ್ಗೆಯೂ, ಅದನ್ನು ತಗ್ಗಿಸುವ ಬಗೆಯನ್ನೂ ಕುರಿತು ಬರೆಯುತ್ತಿದ್ದೇವೆ.

ಪಾಲಕೋಡಿನ ಮಂಡಿಗೆ ಟೊಮೇಟೊ ಕಳಿಸುವಾಗ ಪೆಟ್ಟಿಗೆಯ ತಳಕ್ಕೆ ಕಾಗದವನ್ನೋ ಹುಲ್ಲನ್ನೋ ಹಾಸುತ್ತೀರಿ. ದಾರಿಯಲ್ಲಿ ಕುಲುಕಿದರೆ ಹಣ್ಣು ಜಜ್ಜಿಹೋಗಿ ಬೆಲೆ ಬೀಳುತ್ತದೆಂದು ನಿಮಗೆ ಗೊತ್ತು. ಅದೇ ಗಾಡಿಯಲ್ಲಿ ಅಷ್ಟೇ ಕುಲುಕುತ್ತಾ ಹೋಗುವ ಚಾಲಕನ ಬೆನ್ನಿಗೆ ಏನು ಹಾಸಿದ್ದೀರಿ ಎಂದು ಕೇಳಿದರೆ ಅನೇಕರಲ್ಲಿ ಉತ್ತರವಿಲ್ಲ.

ಟ್ರ್ಯಾಕ್ಟರ್ ಏಕೆ ಇಷ್ಟು ಕುಲುಕುತ್ತದೆ?

ಬಸ್ಸು, ಲಾರಿ, ಕಾರುಗಳಲ್ಲಿ ಚಕ್ರಕ್ಕೂ ಮೇಲಿನ ಒಡಲಿಗೂ ನಡುವೆ ಸ್ಪ್ರಿಂಗ್ ಇರುತ್ತದೆ. ನಮ್ಮ ಕಡೆಯ ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಹಿಂದಿನ ಅಚ್ಚು ಗೇರ್‌ಪೆಟ್ಟಿಗೆಗೇ ಬಿಗಿದುಕೊಂಡಿದೆ. ನೇಗಿಲು ಒಂದೇ ಆಳದಲ್ಲಿ ನಿಲ್ಲಬೇಕು, ಎಳೆಯುವ ಬಲ ನೇರವಾಗಿ ನೆಲಕ್ಕೆ ಸೇರಬೇಕು ಎಂಬ ಕಾರಣಕ್ಕೆ ಹೀಗೆ ಮಾಡಿದ್ದಾರೆ. ಆದ್ದರಿಂದ ಅಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಟೈರಿನ ಗಾಳಿ ಮಾತ್ರ. ಎತ್ತಿನ ಗಾಡಿಗೂ ಸ್ಪ್ರಿಂಗ್ ಇರಲಿಲ್ಲ, ನಿಜ. ಆದರೆ ಅದು ಮನುಷ್ಯನ ನಡಿಗೆಯ ವೇಗದಲ್ಲಿ ಹೋಗುತ್ತಿತ್ತು. ಟ್ರ್ಯಾಕ್ಟರ್ ಟ್ರೇಲರನ್ನು ಕಟ್ಟಿಕೊಂಡು ಅದರ ಐದಾರು ಪಟ್ಟು ವೇಗದಲ್ಲಿ ಹೋಗುತ್ತದೆ. ವೇಗ ಏರಿದಂತೆ ಪೆಟ್ಟೂ ಏರುತ್ತದೆ.

ಇನ್ನೊಂದು ವಿಷಯವಿದೆ. ಉಯ್ಯಾಲೆಯನ್ನು ಅದರ ತೂಗಾಟಕ್ಕೆ ಸರಿಯಾಗಿ ತಳ್ಳಿದರೆ ಮಗು ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದೆ. ಟೈರುಗಳ ಮೇಲೆ ಟ್ರ್ಯಾಕ್ಟರ್ ಸೆಕೆಂಡಿಗೆ ಸುಮಾರು 2ರಿಂದ 4 ಬಾರಿ ಕುಪ್ಪಳಿಸುತ್ತದೆ. ಕುಳಿತ ಮನುಷ್ಯನ ಒಡಲು ಅತಿ ಹೆಚ್ಚಾಗಿ ತೂಗುವುದು ಸೆಕೆಂಡಿಗೆ 4ರಿಂದ 8 ಬಾರಿಯ ಕುಲುಕಾಟಕ್ಕೆ. ಇವೆರಡೂ ಒಂದಕ್ಕೊಂದು ಬಹಳ ಹತ್ತಿರ. ಹೀಗಾಗಿ ಸೀಟಿನಲ್ಲಿ ಬಿದ್ದ ಪೆಟ್ಟು ಸೊಂಟದಲ್ಲಿ ದೊಡ್ಡದಾಗುತ್ತದೆ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳಿಗೆ, ಅಂದರೆ ಡಿಸ್ಕುಗಳಿಗೆ, ಬೆಳೆದವರಲ್ಲಿ ನೇರ ರಕ್ತ ಸಂಚಾರ ಇಲ್ಲವೆನ್ನುವಷ್ಟು ಕಡಿಮೆ. ಸವೆದರೆ ಬೇಗ ಸರಿಹೋಗುವುದಿಲ್ಲ.

ಸಿಂಬೆ ಮತ್ತು ಮೊಣಕಾಲು

ತಲೆಯ ಮೇಲೆ ತುಂಬಿದ ಬಿಂದಿಗೆ ಹೊತ್ತು ಬರುವ ತಾಯಂದಿರನ್ನು ನೋಡಿ. ಬಿಂದಿಗೆಯ ಕೆಳಗೆ ಸಿಂಬೆ ಇರುತ್ತದೆ. ಅದು ತಲೆಗೆ ಒತ್ತದಂತೆ ಕಾಯುತ್ತದೆ, ಅಷ್ಟೇ. ನೀರು ತುಳುಕದಂತೆ ಕಾಯುವುದು ಅವರ ಮೊಣಕಾಲು. ಕಾಲು ಮೆಲ್ಲನೆ ಬಗ್ಗುತ್ತದೆ, ಮೆಲ್ಲನೆ ಏಳುತ್ತದೆ. ಸೀಟಿನ ಸ್ಪಂಜು ಸಿಂಬೆಯ ಹಾಗೆ. ಸೀಟಿನ ಕೆಳಗಿನ ಕತ್ತರಿಯಾಕಾರದ ಕಾಲು, ಸ್ಪ್ರಿಂಗ್, ಷಾಕ್ ಅಬ್ಸಾರ್ಬರ್ ಈ ಮೂರೂ ಸೇರಿ ಮೊಣಕಾಲಿನ ಹಾಗೆ. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ. ಷಾಕ್ ಅಬ್ಸಾರ್ಬರ್ ಅದು ಮತ್ತೆ ಮತ್ತೆ ಕುಪ್ಪಳಿಸದಂತೆ ಹಿಡಿಯುತ್ತದೆ. ಸ್ಪಂಜಿನ ಮೇಲೆ ಸ್ಪಂಜು, ಅದರ ಮೇಲೆ ದಿಂಬು ಹಾಕಿದರೆ ಹಾಯೆನಿಸಬಹುದು. ಆದರೆ ದಪ್ಪ ಮೆತ್ತನೆಯ ಸ್ಪಂಜು ನಿಧಾನದ ಕುಲುಕಾಟವನ್ನು ತಡೆಯುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುತ್ತದೆ.

ಹೊರದೇಶಗಳಲ್ಲಿ ಚಾಲಕನ ಕ್ಯಾಬಿನನ್ನೇ ಹೀಗೆ ತೂಗುಬಿಡುತ್ತಾರೆ. ಬರೀ ರಬ್ಬರ್ ದಿಂಡುಗಳ ಮೇಲೆ ಕೂರಿಸಿದ ಕ್ಯಾಬಿನಿನಲ್ಲಿ ಎಂಜಿನ್ನಿನ ನಡುಕವೂ ಸದ್ದೂ ತಗ್ಗುತ್ತವೆ, ಆದರೆ ನೆಲದ ಪೆಟ್ಟು ತಗ್ಗುವುದಿಲ್ಲ. ರಬ್ಬರ್ ಅದಕ್ಕೆ ಬಹಳ ಗಟ್ಟಿ. ಅದಕ್ಕಾಗಿ ಕ್ಯಾಬಿನಿನ ಮೂಲೆಗಳಿಗೆ ಸ್ಪ್ರಿಂಗ್ ಅಥವಾ ಗಾಳಿಚೀಲ, ಜೊತೆಗೆ ಷಾಕ್ ಅಬ್ಸಾರ್ಬರ್ ಕೊಡುತ್ತಾರೆ. ಇಂಗ್ಲೆಂಡಿನ ಜೆಸಿಬಿ ಕಂಪನಿ 1991ರಲ್ಲಿ ತಂದ ಫಾಸ್ಟ್ರಾಕ್ ಟ್ರ್ಯಾಕ್ಟರಿನಲ್ಲಿ ಮುಂದಿನ ಹಿಂದಿನ ಎರಡೂ ಅಚ್ಚುಗಳಿಗೆ ಸ್ಪ್ರಿಂಗ್ ಇದೆ. ಮಾರಂಡಹಳ್ಳಿ, ಪಂಚಪಳ್ಳಿ ಕಡೆಯ ಹೊಲಗಳಲ್ಲಿ ಕ್ಯಾಬಿನ್ ಇರುವ ಟ್ರ್ಯಾಕ್ಟರೇ ಅಪರೂಪ. ನಮ್ಮ ಚಾಲಕನಿಗೆ ಸೀಟೇ ಕ್ಯಾಬಿನ್. ಆದುದರಿಂದ ಸುಧಾರಣೆ ಅಲ್ಲಿಂದಲೇ ಆರಂಭವಾಗಬೇಕು.

ಕುಲುಕಾಟ ಸ್ವಲ್ಪ ತಗ್ಗಿದರೆ ಏನು ಲಾಭ ಎಂದು ಕೇಳಬಹುದು. ಯೂರೋಪಿನ ದೇಶಗಳು 2002ರಲ್ಲಿ ಮಾಡಿಕೊಂಡ ನಿಯಮದಲ್ಲಿ ಕೆಲಸಗಾರನ ಮೈ ಎಂಟು ಗಂಟೆಯಲ್ಲಿ ಎಷ್ಟು ಕುಲುಕಬಹುದೆಂಬ ಮಿತಿ ಇದೆ. ಅದರ ಲೆಕ್ಕ ಹೀಗಿದೆ: ಕುಲುಕಾಟ ಅರ್ಧವಾದರೆ ಅದೇ ಮಿತಿ ಮುಟ್ಟಲು ನಾಲ್ಕು ಪಟ್ಟು ಹೊತ್ತು ಬೇಕು. ಎರಡು ಗಂಟೆಯಲ್ಲಿ ಮಿತಿ ಮೀರುವ ಸವಾರಿ ಎಂಟು ಗಂಟೆಗೆ ಹೋಗುತ್ತದೆ.

ಮಾಡಬೇಕಾದುದು

1. ಸೀಟಿನ ತೂಕದ ಗುಂಡಿ: ಅನೇಕ ಸೀಟುಗಳಲ್ಲಿ ಚಾಲಕನ ತೂಕಕ್ಕೆ ತಕ್ಕಂತೆ ಸ್ಪ್ರಿಂಗನ್ನು ಬಿಗಿಮಾಡುವ ಗುಂಡಿ ಅಥವಾ ಹಿಡಿ ಇದೆ. ಯಜಮಾನರು ತೊಂಬತ್ತು ಕಿಲೋ, ಓಡಿಸುವ ಹುಡುಗ ಐವತ್ತೈದು ಕಿಲೋ ಇದ್ದರೆ ಆ ಸ್ಪ್ರಿಂಗ್ ಅವನಿಗೆ ಕಲ್ಲಿನಂತೆ. ಸಡಿಲವಾಗಿದ್ದರೆ ಹಳ್ಳ ಸಿಕ್ಕಾಗಲೆಲ್ಲ ಸೀಟು ತಳಕ್ಕೆ ಬಡಿಯುತ್ತದೆ. ಚಾಲಕ ಕುಳಿತಾಗ ಸೀಟು ತನ್ನ ಏರಿಳಿತದ ನಡುಮಟ್ಟದಲ್ಲಿ ನಿಲ್ಲಬೇಕು. ಚಾಲಕ ಬದಲಾದರೆ ಗುಂಡಿಯೂ ತಿರುಗಬೇಕು.

2. ಷಾಕ್ ಅಬ್ಸಾರ್ಬರ್: ಸೀಟನ್ನು ಕೈಯಿಂದ ಅದುಮಿ ಬಿಡಿ. ಒಂದು ಸಲ ಎದ್ದು ನಿಂತರೆ ಸರಿ. ಮೂರು ನಾಲ್ಕು ಸಲ ಕುಪ್ಪಳಿಸಿದರೆ, ಇಲ್ಲವೇ ಎಣ್ಣೆ ಜಿನುಗಿದ್ದರೆ ಅದನ್ನು ಬದಲಾಯಿಸಿ. ಕತ್ತರಿ ಕಾಲಿನ ಕೀಲುಗಳಲ್ಲಿ ಮಣ್ಣು, ಹುಲ್ಲು ಸಿಕ್ಕಿದ್ದರೆ ತೆಗೆದು ಗ್ರೀಸ್ ಹಾಕಿ. ಸೀಟು ಪೂರ್ತಿ ಹಾಳಾಗಿದ್ದರೆ ಹೊಸದನ್ನೇ ಹಾಕಿಸಿ. ಒಂದು ಹಿಂದಿನ ಟೈರಿಗಿಂತ ಅದರ ಬೆಲೆ ಬಹಳ ಕಡಿಮೆ. ವೆಲ್ಡಿಂಗ್ ಅಂಗಡಿಯಲ್ಲಿ ಯಾವುದೋ ಲಾರಿಯ ಸ್ಪ್ರಿಂಗನ್ನು ಸೀಟಿನ ಕೆಳಗೆ ಬೆಸೆಯಿಸಬೇಡಿ. ಅದು ಕಿತ್ತುಬಂದರೆ ಚಾಲಕ ಚಕ್ರದ ಕೆಳಗೆ ಬೀಳುವನು.

3. ಟೈರಿನ ಗಾಳಿ: ಭಾರ ಸಾಗಿಸಲು ತುಂಬಿದ ಹೆಚ್ಚಿನ ಗಾಳಿಯಲ್ಲೇ ಹೊಲಕ್ಕೆ ಇಳಿಯುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಹೊಲಕ್ಕೆ ಕಡಿಮೆ, ಭಾರದ ಸಾಗಣೆಗೆ ಹೆಚ್ಚು. ಎಷ್ಟೆಂಬುದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿದೆ. ಕಾಲಿನಿಂದ ಒದ್ದು ನೋಡದೆ ಗೇಜ್ ಇಟ್ಟು ಅಳೆಯಿರಿ. ಉಳುಮೆಗೆಂದು ಟೈರಿಗೆ ತುಂಬಿದ ನೀರು ಗಾಳಿಯ ಜಾಗವನ್ನು ಕಿರಿದು ಮಾಡಿ ಟೈರನ್ನು ಗಡಸಾಗಿಸುತ್ತದೆ. ಉಳುಮೆ ಮುಗಿದ ಮೇಲೆ ಅದು ಬೇಕೇ ಎಂದು ಮೆಕಾನಿಕ್ಕನ್ನು ಕೇಳಿ.

4. ವೇಗ: ಉತ್ತ ಸಾಲುಗಳನ್ನು ಅಡ್ಡ ದಾಟುವಾಗಲೂ ಬದು ಹತ್ತಿಳಿಯುವಾಗಲೂ ಕೆಳಗಿನ ಗೇರಿಗೆ ಬನ್ನಿ. ಕಾಸು ಖರ್ಚಿಲ್ಲದ ಸ್ಪ್ರಿಂಗ್ ಇದೊಂದೇ.

5. ಮೈ: ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಗ್ಗಿರುವಂತೆ ಸೀಟನ್ನು ಮುಂದಕ್ಕೆ ಸರಿಸಿ. ಹಿಂದಿನ ಕಲ್ಟಿವೇಟರ್ ನೋಡಲು ಸೊಂಟ ತಿರುಚಿಯೇ ಕೂರದೆ ಕನ್ನಡಿ ಹಾಕಿಸಿ. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಇಳಿಯುವಾಗ ಧುಮುಕಬೇಡಿ, ಟ್ರ್ಯಾಕ್ಟರಿಗೆ ಮುಖಮಾಡಿ, ಹಿಡಿದುಕೊಂಡು ಇಳಿಯಿರಿ. ಗಂಟೆಗಟ್ಟಲೆ ಕುಲುಕಿದ ಬೆನ್ನು ದಣಿದಿರುತ್ತದೆ, ಇಳಿದ ತಕ್ಷಣ ಗೊಬ್ಬರದ ಮೂಟೆಗೆ ಕೈ ಹಾಕಬೇಡಿ. ಮಕ್ಕಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೋಗುವುದನ್ನು ಇಂದಿಗೇ ನಿಲ್ಲಿಸಿ. ಸೀಟಿನವನನ್ನೇ ಎತ್ತಿಹಾಕುವ ಪೆಟ್ಟು ಮಗುವನ್ನು ಬಿಟ್ಟೀತೆ?

ನೋವು ಬಂದಾಗ

ದಿನವೂ ನೋವಿನ ಮಾತ್ರೆ ನುಂಗಿ ಸೀಟು ಹತ್ತುವವರು ಮೂತ್ರಪಿಂಡವನ್ನೂ ಹೊಟ್ಟೆಯನ್ನೂ ಕೆಡಿಸಿಕೊಳ್ಳುತ್ತಾರೆ. ಸೊಂಟದ ಬೆಲ್ಟ್ ಕಟ್ಟಿದರೆ ಕುಲುಕಾಟ ನಿಲ್ಲುವುದಿಲ್ಲ. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ, ಹೆಬ್ಬೆರಳು ಎತ್ತಲಾಗದಿದ್ದರೆ ವೈದ್ಯರಿಗೆ ತೋರಿಸಿ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ತಡವಾದರೆ ಕಾಲಿನ ಶಕ್ತಿ ಮರಳದೇ ಹೋಗಬಹುದು.

ಟ್ರ್ಯಾಕ್ಟರ್ ಯಜಮಾನರಿಗೆ ಒಂದು ಮಾತು. ಎಂಜಿನ್ ಆಯಿಲನ್ನು ಗಂಟೆಯ ಲೆಕ್ಕದಲ್ಲಿ ಬದಲಾಯಿಸುತ್ತೀರಿ. ಗಂಟೆಯ ಕೂಲಿಗೆ ಬರುವ ಚಾಲಕ ತನ್ನ ಬೆನ್ನು ನೋಯುತ್ತದೆಂದು ನಿಮ್ಮೆದುರು ಹೇಳಲು ಅಂಜುತ್ತಾನೆ. ಹೇಳಿದರೆ ನಾಳೆ ಬೇರೊಬ್ಬನನ್ನು ಕರೆಯುವರೆಂಬ ಭಯ. ಕೆಲಸಗಾರನ ಶಕ್ತಿಗೆ ಮೀರಿ ದುಡಿಸಬಾರದೆಂದು ಹದಿಮೂರನೆಯ ಸಿಂಹರಾಯ ಜಗದ್ಗುರುಗಳು 1891ರಲ್ಲೇ ಧರ್ಮಸಭೆಗೆ ಬೋಧಿಸಿದರು. ರೈತರ ಪಾಲಕರಾದ ಸಂತ ಇಸಿದೋರರೂ ಮಾದ್ರಿದ್ ಪಟ್ಟಣದ ಬಳಿ ಬೇರೊಬ್ಬರ ಹೊಲವನ್ನು ಕೂಲಿಗೆ ಉತ್ತವರೇ. 1622ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಮೇ 15 ಅವರ ಹಬ್ಬ.

ಹೊಸ ಟ್ರ್ಯಾಕ್ಟರ್ ಕೊಂಡಾಗ ಆಶೀರ್ವಾದಕ್ಕೆಂದು ದೇವಾಲಯದ ಮುಂದೆ ತಂದು ನಿಲ್ಲಿಸುತ್ತೀರಿ. ಹೂವಿನ ಹಾರ ಮುಂದಕ್ಕೆ ಹಾಕಿರುತ್ತೀರಿ. ಇನ್ನು ಮೇಲೆ ತೀರ್ಥ ಚಿಮುಕಿಸುವ ಮೊದಲು ನಾವು ಓಡಿಸುವವನನ್ನು ಕರೆದು ಸೀಟಿನಲ್ಲಿ ಕೂರಿಸಿ, ಗುಂಡಿ ಅವನ ತೂಕಕ್ಕೆ ತಿರುಗಿಸಿದೆಯೇ ಎಂದು ಕೇಳುವೆವು. ಸಿದ್ಧರಾಗಿ ಬನ್ನಿ. ದೇವರು ನಿಮ್ಮ ದುಡಿಮೆಯನ್ನೂ ನಿಮ್ಮ ದೇಹಗಳನ್ನೂ ಕಾಯಲಿ.

ನಿಮ್ಮ ವಿಚಾರಣಾ ಗುರು