ಅರ್ಧ ತೂಕದ ಲೆಕ್ಕ

ಹಳೆಯ ಕಾರಿನ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವಾಗ ಸವೆದ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿ, ಅಳತೆಗೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಅಲ್ಲಿಗೆ ಕಾರ್ಖಾನೆಯವರು ಕೂಡಿಸಿದ್ದ ತೂಕದ ಲೆಕ್ಕ ಕೆಡುತ್ತದೆ. ಕೆಟ್ಟದ್ದು ಕೆಲವೇ ಗ್ರಾಂ ಇರಬಹುದು. ಆದರೆ ನಿಮಿಷಕ್ಕೆ 3,000 ಸುತ್ತು ತಿರುಗುವ ಕ್ರ್ಯಾಂಕ್‌ಶಾಫ್ಟ್‌ನ ನಡುವಿನಿಂದ 5 ಸೆಂ.ಮೀ. ದೂರದಲ್ಲಿ 10 ಗ್ರಾಂ ಹೆಚ್ಚಿದ್ದರೆ, ಸುಮಾರು 5 ಕಿಲೋ ಭಾರದಷ್ಟು ಬಲ ಬೇರಿಂಗ್‌ಗಳನ್ನು ಎಳೆಯುತ್ತದೆ. 6,000 ಸುತ್ತಿಗೆ ಏರಿದರೆ ಆ ಎಳೆತ ನಾಲ್ಕು ಪಟ್ಟು, ಅಂದರೆ 20 ಕಿಲೋ.

1955ರಲ್ಲಿ ಬಂದ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ-8 ಎಂಜಿನನ್ನೇ ನೋಡೋಣ. ಇದರಲ್ಲಿ 90 ಡಿಗ್ರಿ ಕೋನದಲ್ಲಿ ಎರಡು ಸಾಲು ಸಿಲಿಂಡರುಗಳಿವೆ. ಕ್ರ್ಯಾಂಕಿನ ಒಂದೊಂದು ಪಿನ್ನಿಗೆ ಎರಡೆರಡು ಕನೆಕ್ಟಿಂಗ್ ರಾಡ್. ಮೊದಲು ಪಿಸ್ಟನ್‌ಗಳನ್ನು ತೂಗಿ, ಎಲ್ಲಕ್ಕಿಂತ ಹಗುರವಾದದ್ದಕ್ಕೆ ಉಳಿದವನ್ನು ಸರಿಗಟ್ಟುತ್ತಾರೆ. ರಾಡ್‌ನ ಎರಡು ತುದಿಗಳನ್ನು ಬೇರೆ ಬೇರೆಯಾಗಿ ತೂಗಬೇಕು: ದಪ್ಪ ತುದಿ ಪಿನ್ನಿನ ಜೊತೆ ಸುತ್ತುತ್ತದೆ, ಸಣ್ಣ ತುದಿ ಪಿಸ್ಟನ್ ಜೊತೆ ಹಿಂದೆ ಮುಂದೆ ಓಡಾಡುತ್ತದೆ.

ಆಮೇಲೆ ಕ್ರ್ಯಾಂಕನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸುತ್ತಾರೆ. ಅಲ್ಲಿ ಪಿಸ್ಟನ್ ಇರುವುದಿಲ್ಲ. ಅದರ ಬದಲು ಪ್ರತಿ ಪಿನ್ನಿಗೂ ಬಾಬ್‌ವೇಟ್ ಎಂಬ ತೂಕವನ್ನು ಬಿಗಿಯುತ್ತಾರೆ. ಸುತ್ತುವ ಭಾಗಗಳ ಪೂರ್ತಿ ತೂಕ, ಓಡಾಡುವ ಭಾಗಗಳ ಅರ್ಧ ತೂಕ, ಇದು ಅದರ ಲೆಕ್ಕ. ಈ ಅರ್ಧ ಅಂದಾಜಿನದಲ್ಲ. ಒಂದೇ ಪಿನ್ನಿನ ಎರಡು ಪಿಸ್ಟನ್‌ಗಳಲ್ಲಿ ಒಂದು ತುದಿ ಮುಟ್ಟಿ ದಿಕ್ಕು ಬದಲಿಸುವಾಗ ಅದರ ಎಳೆತ ಗರಿಷ್ಠ. ಆಗ ಇನ್ನೊಂದು ನಡುದಾರಿಯಲ್ಲಿ, ಎಳೆತ ಹೆಚ್ಚುಕಡಿಮೆ ಸೊನ್ನೆ. ಕಾಲು ಸುತ್ತಿಗೆ ಸರದಿ ಅದಲುಬದಲು. ಎರಡನ್ನೂ ಕೂಡಿದರೆ, ಒಂದೇ ಪಿಸ್ಟನ್ನಿನ ತೂಕ, ಅಂದರೆ ಎರಡರ ಅರ್ಧ, ಪಿನ್ನಿನ ಮೇಲೆ ಕೂತು ಸುತ್ತಿದಂತಾಗುತ್ತದೆ. ಸುತ್ತುವ ತೂಕವನ್ನು ಎದುರುಬದಿಯ ಕೌಂಟರ್‌ವೇಟ್ ಸರಿದೂಗಿಸಬಲ್ಲದು.

ಶಾಫ್ಟನ್ನು ತಿರುಗಿಸಿಯೇ ಪರೀಕ್ಷಿಸಬೇಕು. ಒಂದು ತುದಿಯಲ್ಲಿ ಮೇಲ್ಬದಿಗೆ, ಇನ್ನೊಂದು ತುದಿಯಲ್ಲಿ ಕೆಳಬದಿಗೆ ಸಮನಾದ ಹೆಚ್ಚುವರಿ ತೂಕವಿದ್ದರೆ ನಿಂತ ಶಾಫ್ಟ್ ಸಮತೋಲದಲ್ಲೇ ಇರುತ್ತದೆ. ತಿರುಗಿದಾಗ ಮಾತ್ರ ಓಲಾಡುತ್ತದೆ. ಭಾರ ಹೆಚ್ಚಿದ್ದರೆ ಕೌಂಟರ್‌ವೇಟ್‌ನಲ್ಲಿ ತೂತು ಕೊರೆಯುತ್ತಾರೆ; ಕಡಿಮೆಯಿದ್ದರೆ, ಉಕ್ಕಿನ ಎರಡು ಪಟ್ಟಿಗೂ ಮೀರಿದ ಸಾಂದ್ರತೆಯ ಟಂಗ್‌ಸ್ಟನ್ ಮಿಶ್ರಲೋಹ ತುಂಬುತ್ತಾರೆ.

ಒಂದೇ ಸಾಲಿನ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಈ ಉಪಾಯ ಸಾಲದು. ಅಲ್ಲಿ ಎರಡು ಪಿಸ್ಟನ್ ಏರುವಾಗ ಎರಡು ಇಳಿದು ಮುಖ್ಯ ಎಳೆತಗಳು ತಾವೇ ವಜಾ ಆಗುತ್ತವೆ. ಆದರೆ ರಾಡ್ ಓರೆಯಾಗುವುದರಿಂದ ಹುಟ್ಟುವ ಇನ್ನೊಂದು ಅದುರು ಸುತ್ತಿಗೆ ಎರಡು ಬಾರಿ ಬರುತ್ತದೆ. ಸುತ್ತಿಗೆ ಒಮ್ಮೆ ಮಾತ್ರ ತಿರುಗುವ ಕೌಂಟರ್‌ವೇಟ್ ಅದನ್ನು ಅಳಿಸಲಾರದು. ಅದಕ್ಕೆ ಇಮ್ಮಡಿ ವೇಗದಲ್ಲಿ ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುವ ಎರಡು ಶಾಫ್ಟ್‌ಗಳೇ ಬೇಕೆಂದು ಇಂಗ್ಲೆಂಡಿನ ಎಂಜಿನಿಯರ್ ಫ್ರೆಡೆರಿಕ್ ಲ್ಯಾಂಚೆಸ್ಟರ್ 20ನೇ ಶತಮಾನದ ಆರಂಭದಲ್ಲೇ ತೋರಿಸಿದ. ತಕ್ಕಡಿ ಎಷ್ಟೇ ನಿಖರವಿದ್ದರೂ, ತೂಕದಿಂದ ಯಾವ ಅದುರು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಎಂಜಿನ್ನಿನ ರಚನೆಯೇ ತೀರ್ಮಾನಿಸಿರುತ್ತದೆ.